ಗೊತ್ತಿಲ್ಲದವಳ ಕುರ್ಚಿ

ಸೆಪ್ಟೆಂಬರ್ 9, ಮಂಗಳವಾರ. ಕಳಮಶ್ಶೇರಿ

ಇವತ್ತು ಲ್ಯಾಬಿನಲ್ಲಿ ಎಲ್ಲರ ದೀಪವೂ ಹೊತ್ತಿತು, ನನ್ನದೊಂದನ್ನು ಬಿಟ್ಟು. ಒಂದು ಬ್ಯಾಟರಿ, ಒಂದು ರೆಸಿಸ್ಟರ್, ಒಂದು ಪುಟ್ಟ ಎಲ್‌ಇಡಿ. ಇಷ್ಟೇ. ಬ್ರೆಡ್‌ಬೋರ್ಡ್ ಎಂಬ ತೂತುತೂತಿನ ಬಿಳಿ ಹಲಗೆಯಲ್ಲಿ ಯಾವ ತೂತು ಯಾವುದಕ್ಕೆ ಒಳಗಿಂದೊಳಗೇ ಸೇರಿದೆ ಎಂದು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು. ಪಕ್ಕದವಳು ಆಗಲೇ ಮುಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ಸರ್ ಬಂದು "ಅಂಡರ್‌ಸ್ಟುಡ್?" ಅಂದರು. "ಯೆಸ್ ಸರ್" ಅಂದೆ. ದೀಪ ಆರಿಯೇ ಇತ್ತು. ಅವರಿಗೂ ಕಾಣಿಸುತ್ತಿತ್ತು.

ಹಾಸ್ಟೆಲಿನಲ್ಲಿ ಕಲಿತ ಮೊದಲ ಪಾಠ ಇದು: ಗೊತ್ತಿಲ್ಲದಿದ್ದರೆ ಪಕ್ಕದವಳ ಹಾಗೆ ಮುಖ ಮಾಡು. ಅಪ್ಪನಿಗೆ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಗೆ ವರ್ಗವಾದಾಗ ನಾನು ಆರನೇ ಕ್ಲಾಸು. ಮಗಳ ಓದು ಕೆಡಬಾರದು ಅಂತ ನನ್ನನ್ನು ಕರ್ನಾಟಕದಲ್ಲೇ, ರೆಸಿಡೆನ್ಶಿಯಲ್ ಸ್ಕೂಲಿನಲ್ಲಿ ಬಿಟ್ಟು ಅಪ್ಪ ಅಮ್ಮ ಇಬ್ಬರೂ ಈ ಕಡೆ ಬಂದರು. ಪಿಯುಸಿ ತನಕ ಅಲ್ಲೇ. ಈಗ ಇಂಜಿನಿಯರಿಂಗ್ ಓದಲು ಅವರಿರುವ ರಾಜ್ಯಕ್ಕೇ ಬಂದೆ, ಆದರೆ ಮತ್ತೆ ಹಾಸ್ಟೆಲಿಗೇ. ಮಲಯಾಳಂ ಬರುವುದಿಲ್ಲ, ಕನ್ನಡಕ್ಕೆ ಜನವಿಲ್ಲ, ಇಂಗ್ಲಿಷಿನಲ್ಲಿ ಅಳಲು ಆಗುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಭಾಷಾಭಿಮಾನದಿಂದಲ್ಲ. ರೂಮಿನಲ್ಲಿ ಯಾರಿಗೂ ಓದಲು ಬರುವುದಿಲ್ಲ ಅಂತ.

ಬ್ರಾಂಚ್ ಬದಲಿಸಬಹುದಾ ಎಂದು ಆಫೀಸಿನಲ್ಲಿ ಕೇಳಿದೆ. ಮೊದಲ ವರ್ಷ ಮುಗಿಯಲಿ ಅಂದರು. ಮುಗಿಯುವುದು ವರ್ಷವೋ ನಾನೋ.

ಸೆಪ್ಟೆಂಬರ್ 13, ಶನಿವಾರ

ಕ್ಯಾಂಟೀನಿನ ಗೋಡೆಯ ಮೇಲೊಂದು ನೋಟೀಸು. "ಎಲೆಕ್ಟ್ರಾನಿಕ್ಸ್ ಬಗ್ಗೆ ಏನೂ ಗೊತ್ತಿಲ್ಲದವರು ಬೇಕಾಗಿದ್ದಾರೆ. ಶನಿವಾರ, ಕ್ಲಬ್ ಲ್ಯಾಬ್. ಟೀ ಕೊಡಲಾಗುವುದು." ಶ್ರೀ ಎಂದು ನನ್ನ ಹೆಸರು ಹಾಕಿಯೇ ಬರೆದ ಹಾಗಿತ್ತು. ಹೋದೆ.

ಇಬ್ಬರಿದ್ದರು. ಥರ್ಡ್ ಇಯರ್‌ನ ಸಂದೀಪ್, ಸೆಕೆಂಡ್ ಇಯರ್‌ನ ಮೇರಿ. ಇಲ್ಲಿ ಸೀನಿಯರ್‌ಗಳನ್ನು ಅಣ್ಣ, ಅಕ್ಕ ಅಂತಲೇ ಕರೆಯಬೇಕು, ಚೇಟ್ಟ, ಚೇಚಿ. ಮೇರಿ ಚೇಚಿ ಕೇಳಿದಳು, "ಯಾವ ಡಿಪಾರ್ಟ್‌ಮೆಂಟ್? ಮಲಯಾಳಂ? ಹಿಸ್ಟರಿ?"

"ಎಲೆಕ್ಟ್ರಾನಿಕ್ಸ್."

ಚೇಚಿಯ ಟೀ ಮೂಗಿಗೆ ಹತ್ತಿತು. "ಎಡೀ, ನೋಟೀಸ್ ಪೂರ್ತಿ ಓದಿದ್ದೀಯಾ?"

"ಓದಿಯೇ ಬಂದೆ."

ಸಂದೀಪ್ ಚೇಟ್ಟ ನಗಲಿಲ್ಲ. ಕ್ಲಾಸ್ ಟೆಸ್ಟ್ ಮಾರ್ಕ್ಸ್ ಕೇಳಿದ. ಹೇಳಿದೆ. "ಕೂತ್ಕೋ," ಅಂದ. "ನೀನು ಪರ್ಫೆಕ್ಟ್."

ಅವರು ಮಾಡುತ್ತಿರುವುದು ಒಂದು ಕಿಟ್. ಇಂಜಿನಿಯರುಗಳಿಗಲ್ಲ. ಬಟ್ಟೆ ಹೊಲಿಯುವವರು, ಆಟಿಕೆ ಮಾಡುವವರು, ನಾಟಕದ ವೇಷ ಕಟ್ಟುವವರು, ಅಂಥವರಿಗೆ. ತಾವು ಮಾಡಿದ ವಸ್ತುವಿನಲ್ಲಿ ಒಂದು ದೀಪ ಉರಿಯಬೇಕು, ಒಂದು ಸದ್ದು ಬರಬೇಕು ಎಂದರೆ ಅವರು ಇನ್ನೊಬ್ಬರ ಕಾಲು ಹಿಡಿಯಬಾರದು. ಬ್ರೆಡ್‌ಬೋರ್ಡ್ ಇಲ್ಲ, ಸಾಲ್ಡರಿಂಗ್ ಇಲ್ಲ, ಕೋಡ್ ಇಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಬಣ್ಣಬಣ್ಣದ ಡಬ್ಬಿಗಳು. ಹಸಿರಿನಲ್ಲಿ ಬ್ಯಾಟರಿ, ನೀಲಿ ಡಬ್ಬಿಗೆ ಕತ್ತಲೆ ಗೊತ್ತಾಗುತ್ತದೆ, ಹಳದಿ ಉರಿಯುತ್ತದೆ, ಕಿತ್ತಳೆ ಕೂಗುತ್ತದೆ. ರವಿಕೆಗೆ ಹಾಕುವ ಟಿಚ್ ಬಟನ್ನಿನಿಂದ ಒಂದಕ್ಕೊಂದನ್ನು ಟಕ್ ಅಂತ ಸೇರಿಸುವುದು.

ಟೆಸ್ಟಿಗೆ ಒಂದು ಪದ್ಧತಿ ಇದೆ. ಕುರ್ಚಿಯಲ್ಲಿ ಕೂತವರು ತಲೆಯಲ್ಲಿ ಓಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಜೋಡಿಸಬೇಕು. ಸುತ್ತ ಕೂತವರು ತುಟಿ ಪಿಟಕ್ ಅನ್ನಬಾರದು, ಎಷ್ಟೇ ತಪ್ಪು ಮಾಡಿದರೂ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳು ಅಂದರೆ! "ನಿನ್ನ ಭಾಷೆಯಲ್ಲೇ ಹೇಳು," ಅಂದಳು ಚೇಚಿ. "ರೆಕಾರ್ಡ್ ಆಗತ್ತೆ. ಆಮೇಲೆ ನೀನೇ ಇಂಗ್ಲಿಷ್ ಮಾಡಿಕೊಡು."

"ಇದು ಹಸಿರು," ಅಂದೆ. "ಇದರ ಒಂದು ತುದಿಗೆ ಕೆಂಪು ಚುಕ್ಕೆ ಇದೆ. ಯಾಕಿದೆ? ಹುಷಾರು ಅಂತಾನಾ?" ಚುಕ್ಕೆಯನ್ನು ಆಚೆ ಕಡೆ ತಿರುಗಿಸಿ ಇಟ್ಟೆ. ದೀಪ ಹೊತ್ತಲಿಲ್ಲ. ಮತ್ತದೇ! ಸಂದೀಪ್ ಚೇಟ್ಟ ಕೆನ್ನೆ ಒಳಗೆ ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಹೇಳಿಕೊಟ್ಟ: ಕೆಂಪು ಎಂದರೆ ಪ್ಲಸ್, ಕೆಂಪಿಗೆ ಕೆಂಪು ಎದುರಾಗಬೇಕು. ನೀಲಿಯೊಳಗೆ ಡಯೋಡ್ ಇದೆ, ಒಂದೇ ಕಡೆಗೆ ತೆರೆಯುವ ಬಾಗಿಲಿನ ಹಾಗೆ. ಹಾಗಾಗಿ ಉಲ್ಟಾ ಹಾಕಿದರೂ ಏನೂ ಸುಡುವುದಿಲ್ಲ.

ಕುರ್ಚಿಯ ಬೆನ್ನಿಗೆ ಮೇರಿ ಚೇಚಿ ಟೇಪ್ ಅಂಟಿಸಿ ಬರೆದಳು: ಝೀರೋ ಯೂಸರ್. "ಇದು ನಿನ್ನದು. ಮುಂದಿನ ಶನಿವಾರನೂ ಬರ್ತೀಯಲ್ಲಾ?"

ಈ ಊರಿನಲ್ಲಿ ನನ್ನನ್ನು ಯಾರಾದರೂ ಬರ್ತೀಯಾ ಎಂದು ಕೇಳಿದ್ದು ಇದೇ ಮೊದಲು.

ಸೆಪ್ಟೆಂಬರ್ 27, ಶನಿವಾರ

ಮೂರನೇ ಟೆಸ್ಟ್. ದೀಪ ಬಂತು. ಕಿತ್ತಳೆ ಡಬ್ಬಿ ಕೂಗುವ ಬದಲು ಗೊರಗೊರ ಅನ್ನುತ್ತಿತ್ತು. ಮುಚ್ಚಳ ತೆಗೆದು ನೋಡಿದೆ, ಸ್ಪೀಕರಿನ ಒಂದು ತಂತಿ ಸಡಿಲವಾಗಿತ್ತು. ತೋರಿಸಿದೆ ಅಷ್ಟೇ, ಸರಿ ಮಾಡಿದ್ದು ಚೇಚಿ.

ರೂಮಿನ ವಿಷಯವೂ ಗೊತ್ತಾಯಿತು. ಈ ಲ್ಯಾಬನ್ನು ಡಿಪಾರ್ಟ್‌ಮೆಂಟ್ ಬೇರೆಯವರಿಗೆ ಕೊಡುವುದರಲ್ಲಿದೆ. ತಿರುವನಂತಪುರದ ಒಂದು ಕರಕುಶಲ ತರಬೇತಿ ಕೇಂದ್ರದವರು ನವೆಂಬರಿನಲ್ಲಿ ಕಿಟ್ ನೋಡುತ್ತಾರೆ. ಅವರು ತಮ್ಮ ಕಲಿಯುವವರಿಗೆ ಬೇಕು ಅಂದರೆ ಕ್ಲಬ್ಬಿಗೆ ರೂಮು ಉಳಿಯುತ್ತದೆ. ಬೇಡ ಅಂದರೆ ಡಬ್ಬಿಗಳೂ ಇಲ್ಲ, ಶನಿವಾರವೂ ಇಲ್ಲ, ಕುರ್ಚಿಯೂ ಇಲ್ಲ.

ನನ್ನ ಕೈಲಿ ಏನಿದೆ? ಗೊತ್ತಿಲ್ಲದಿರುವುದೊಂದೇ ನನ್ನ ಕೆಲಸ. ಅದನ್ನಾದರೂ ಸರಿಯಾಗಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೇನೆ.

ಅಕ್ಟೋಬರ್ 11, ಶನಿವಾರ

ಇಂಟರ್ನಲ್ಸ್ ಹೋಯಿತು. ಬೇಸಿಕ್ ಎಲೆಕ್ಟ್ರಾನಿಕ್ಸ್ ಪೇಪರಿನಲ್ಲಿ ಡೆರಿವೇಷನ್ ಕೇಳಿದ್ದರು. ಪಾಸ್ ಮಾರ್ಕಿಗೂ ಬಂದಿಲ್ಲ. ಸಂಜೆ ಗಾಳಿ ಏಲೂರಿನ ಕಡೆಯಿಂದ ಬೀಸಿ ಕಾರ್ಖಾನೆಗಳ ವಾಸನೆ ರೂಮಿನೊಳಗೆಲ್ಲ ತುಂಬಿತು. ಕಿಟಕಿ ಹಾಕಿದರೆ ಸೆಕೆ, ತೆಗೆದರೆ ವಾಕರಿಕೆ. ಟೆಸ್ಟಿಗೆ ಹೋಗಿದ್ದೆ. ಬರೆಯುವಂಥದ್ದೇನೂ ಆಗಲಿಲ್ಲ. ಎಲ್ಲಾ ಸರಿಯಾಗಿ ಕೂತಿತು.

ಅಕ್ಟೋಬರ್ 18, ಶನಿವಾರ

ಇವತ್ತು ಖುಷಿಯ ದಿನ. ಬರೆದಿಡಬೇಕು, ಇಂಥವು ಅಪರೂಪ.

ಟೀ ಆರುವುದರೊಳಗೆ ಟೆಸ್ಟ್ ಮುಗಿಸಿದೆ. ಸಂದೀಪ್ ಚೇಟ್ಟ ಮೇಜು ಕುಟ್ಟಿದ. "ನೋಡು ಮೇರಿ, ಮೊದಲ ಸಲ ಬಿಟ್ಟರೆ ಇವಳು ಒಂದು ಸಲಾನೂ ಬ್ಯಾಟರಿ ಉಲ್ಟಾ ಇಟ್ಟಿಲ್ಲ. ಶ್ರೀಗೇ ತಪ್ಪಾಗ್ತಿಲ್ಲ ಅಂದ್ರೆ ಇನ್ಯಾರಿಗೂ ಆಗಲ್ಲ. ಡಯೋಡ್ ತೆಗೆದುಬಿಡೋಣ."

ನೀಲಿ ಡಬ್ಬಿ ಅದರಿಂದಲೇ ದಪ್ಪ. ಜೊತೆಗೆ ಡಯೋಡ್ ಮುಕ್ಕಾಲು ವೋಲ್ಟಿನಷ್ಟು ನುಂಗಿಬಿಡುತ್ತದೆ, ಬ್ಯಾಟರಿ ಹಳೆಯದಾದಾಗ ಸೆನ್ಸರ್ ತಡವರಿಸುತ್ತದೆ. ನನಗೂ ಅದು ಸರಿ ಅನ್ನಿಸಿತು. ನನಗೇನು ಗೊತ್ತು, ಸುಮ್ಮನೆ ಹೇಳುತ್ತಿದ್ದೇನೆ.

ಆದರೆ ನನ್ನಿಂದ ಕಿಟ್ ತೆಳ್ಳಗಾಯಿತು! ಮೆಟ್ರೋ ನಿಲ್ದಾಣದ ತನಕ ಇಬ್ಬರೂ ನನ್ನ ಜೊತೆ ನಡೆದು ಬಂದರು. ಚೇಚಿ ಪಳಂಪೊರಿ ಕೊಡಿಸಿದಳು. ಬಾಳೆಹಣ್ಣಿನ ಬಜ್ಜಿ ಅಂದರೆ ಮೊದಲು ಮುಖ ತಿರುಗಿಸುತ್ತಿದ್ದೆ. ಎರಡು ತಿಂದೆ.

ಅಕ್ಟೋಬರ್ 20, ಸೋಮವಾರ. ತಿರುವನಂತಪುರ

ದೀಪಾವಳಿಗೆ ಮನೆ. ಮನೆ ಎಂದರೆ ಅಪ್ಪನ ಕ್ವಾರ್ಟರ್ಸ್. ನನ್ನ ಮಂಚದ ಮೇಲೆ ಅಮ್ಮ ಬಟ್ಟೆ ತುಂಡುಗಳನ್ನು ಹರವಿದ್ದಳು, ನಾನು ಬಂದೊಡನೆ ಗಡಿಬಿಡಿಯಿಂದ ತೆಗೆದಳು, ನೆಂಟರು ಬಂದ ಹಾಗೆ.

ಅಮ್ಮ ಬಟ್ಟೆಯ ಬೊಂಬೆ ಹೊಲಿಯುತ್ತಾಳೆ. ಕ್ವಾರ್ಟರ್ಸ್ ಮಕ್ಕಳಿಗೆ ಭಾನುವಾರ ಕಥೆ ಹೇಳುತ್ತಾಳೆ, ಅವಳದೇ ಮಲಯಾಳಂನಲ್ಲಿ. ಇದು ನನಗೆ ಗೊತ್ತೇ ಇರಲಿಲ್ಲ. ಈಗ ಒಂದು ಹುಲಿ ಆಗುತ್ತಿದೆ. ಕಣ್ಣಿನ ಜಾಗದಲ್ಲಿ ಎರಡು ತೂತು.

"ಗುಂಡಿ ಹಾಕಿದೆ, ಹಿಡಿಸಲಿಲ್ಲ," ಅಂದಳು. "ಕಥೆಯಲ್ಲಿ ಗುಹೆಯೊಳಗೆ ಹೋದಾಗ ಕಣ್ಣು ಹೊಳೀಬೇಕು. ನಿಮ್ಮಪ್ಪನಿಗೆ ಹೇಳಿದೆ."

ಅಪ್ಪ ಪೇಪರಿನ ಹಿಂದಿನಿಂದಲೇ ಅಂದರು, "ಹೇಳಿ ಎರಡು ವರ್ಷ ಆಯ್ತು. ರಾಕೆಟ್ಟಾದ್ರೆ ಇಷ್ಟೊತ್ತಿಗೆ ಹಾರಿರೋದು. ಈ ಹುಲೀದು ಕೌಂಟ್‌ಡೌನ್ ಮುಗೀತಿಲ್ಲ."

"ನೀವು ಕೈ ಹಾಕಿದ್ರೆ ತಾನೇ ಮುಗಿಯೋದು."

ಅಮ್ಮ ನಗುತ್ತಾ ಹೇಳಿದಳು. ಆದರೆ ಹುಲಿಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಳು.

ನವೆಂಬರ್ 8, ಶನಿವಾರ. ಕಳಮಶ್ಶೇರಿ

ಬಾಯಿ ಸುಮ್ಮನಿರಲಿಲ್ಲ. ಕೇಂದ್ರದವರಿಗೆ ಸೋಮವಾರ, ಹದಿನೇಳಕ್ಕೆ ತೋರಿಸುವುದು. ಅದಕ್ಕೆ ಮೊದಲು ಹೊಲಿಗೆ ಗೊತ್ತಿದ್ದು ಕರೆಂಟ್ ಗೊತ್ತಿಲ್ಲದ ಒಬ್ಬರ ಮೇಲೆ ಟೆಸ್ಟ್ ಮಾಡಬೇಕು ಅಂದಳು ಚೇಚಿ. "ನನ್ನ ಅಮ್ಮ ಇದ್ದಾರೆ," ಅಂದುಬಿಟ್ಟೆ. ಹುಲಿಯ ಕಥೆಯನ್ನೂ ಹೇಳಿದೆ.

"ಸೂಪರ್!" ಅಂದ ಸಂದೀಪ್ ಚೇಟ್ಟ. "ಸೋಮವಾರ ಹುಲಿಯನ್ನೇ ಒಯ್ಯೋಣ."

ಫೋನಿನಲ್ಲಿ ಹೇಳಿದಾಗ ಅಮ್ಮ ಯಾರು ಯಾರು ಬರುತ್ತಾರೆ ಎಂದು ಕೇಳಿಕೊಂಡಳು. ಆಮೇಲೆ "ಅವ್ರಿಗೆ ಊಟಕ್ಕೆ ಏನು ಮಾಡ್ಲಿ?" ಅಂದಳು. ಒಪ್ಪಿದ ಹಾಗೆಯೇ. ಅಮ್ಮ ಇವರ ಮುಂದೆ ಏನೇನು ಮಾತಾಡುತ್ತಾಳೋ. ಅವಳ ಇಂಗ್ಲಿಷಿಗೆ ಇವರು ನಕ್ಕರೆ? ನಾನೇ ನಕ್ಕುಬಿಟ್ಟರೆ?

ನವೆಂಬರ್ 15, ಶನಿವಾರ. ತಿರುವನಂತಪುರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನೆ ವೈಟ್ಟಿಲ ಬಸ್ ನಿಲ್ದಾಣದಿಂದ ಮೂವರೂ ಬಸ್ಸಿನಲ್ಲಿ ಬಂದೆವು. ಮೇರಿ ಚೇಚಿ ಅವಳ ಚಿಕ್ಕಮ್ಮನ ಮನೆಯಲ್ಲಿ, ಸಂದೀಪ್ ಚೇಟ್ಟ ಗೆಳೆಯನ ರೂಮಿನಲ್ಲಿ ಉಳಿದು ಇವತ್ತು ಬೆಳಿಗ್ಗೆ ಮನೆಗೆ ಬಂದರು. ಅಪ್ಪ ಡ್ಯೂಟಿಗೆ ಹೋಗಿದ್ದರು. ಅಮ್ಮ ಮದುವೆಗೆ ಹೊರಟ ಹಾಗೆ ಸೀರೆ ಉಟ್ಟಿದ್ದಳು. ಬಿಸಿಬೇಳೆಬಾತ್ ಬಡಿಸಿ "ಕಳಿಕ್ಕ್ ಮಕ್ಕಳೇ, ಇನ್ನೂ ಕಳಿಕ್ಕ್" ಅಂತ ತಿನ್ನಿಸಿ ತಿನ್ನಿಸಿ ಸಂದೀಪ್ ಚೇಟ್ಟನ ಉಸಿರು ಮೇಲಕ್ಕೆ ಬಂತು. ಚೇಚಿ ಅಮ್ಮನ ಮಲಯಾಳಂ ಕೇಳಿ ನಕ್ಕಳು, ಅಮ್ಮನೂ ನಕ್ಕಳು. ಎಲ್ಲ ಚೆನ್ನಾಗಿತ್ತು.

ಆಮೇಲೆ ಊಟದ ಮೇಜಿನ ಮೇಲೆ ಡಬ್ಬಿಗಳನ್ನು ಇಟ್ಟರು. ಹುಲಿಯನ್ನೂ. ನಾನು ಪದ್ಧತಿ ಹೇಳಿದೆ: ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ನಾವು ಯಾರೂ ಮಾತಾಡುವುದಿಲ್ಲ, ನೀನು ಕೇಳಿದರೂ. ಈ ಸಲ ನಾನು ಕುರ್ಚಿಯಲ್ಲಿರಲಿಲ್ಲ. ಅಮ್ಮನ ಕನ್ನಡವನ್ನು ಪಿಸುದನಿಯಲ್ಲಿ ಇಂಗ್ಲಿಷಿಗೆ ಮಾಡಿ ಚೇಚಿಗೆ ಹೇಳುವುದು ನನ್ನ ಕೆಲಸ.

ಅಮ್ಮ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಶುರು ಮಾಡಿದಳು.

"ಹಳದೀದು ಉರಿಯೋದು... ನೀಲಿದಕ್ಕೆ ಕತ್ತಲೆ ಗೊತ್ತಾಗತ್ತೆ. ಕತ್ತಲೆಗೆ ಉರೀಬೇಕು ಅಂದ್ರೆ ಇದನ್ನ ಅದಕ್ಕೆ ಸೇರಿಸ್ಬೇಕು. ಟಿಚ್ ಬಟನ್ ತಾನೇ, ನಂಗೆ ಗೊತ್ತಿರೋದೇ." ಟಕ್. ಸಂದೀಪ್ ಚೇಟ್ಟ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

"ಇದು ಹಸಿರು, ಬ್ಯಾಟರಿ. ಇದನ್ನ ಮುಟ್ಟಕ್ಕೆ ಭಯ ಆಗತ್ತಪ್ಪಾ. ಕೆಡಿಸಿಬಿಟ್ರೆ ಶ್ರೀ ಮುಖ ಸಣ್ಣ ಮಾಡ್ಕೊತಾಳೆ. ಆರನೇ ಕ್ಲಾಸಲ್ಲಿ ಬಿಟ್ಟು ಬಂದ್ಮೇಲೆ ಅವಳು ನನ್ನ ಹತ್ರ ಏನೂ ಕೇಳಿದ್ದೇ ಇಲ್ಲ. ಇದೊಂದು ಕೇಳಿದ್ದಾಳೆ."

"ವಾಟ್ ಈಸ್ ಶೀ ಸೇಯಿಂಗ್?" ಚೇಚಿ ಪಿಸುಗುಟ್ಟಿದಳು.

"ಭಯ ಆಗ್ತಿದೆಯಂತೆ," ಅಂದೆ. ಅಷ್ಟನ್ನೇ ಅಂದೆ.

"ಕೆಂಪು ಚುಕ್ಕೆ ಇದೆ," ಅಮ್ಮ ಹೇಳುತ್ತಿದ್ದಳು. "ಕೆಂಪು ಅಂದ್ರೆ ಅಪಾಯ. ಇದನ್ನ ಇನ್ನೊಂದರ ಹತ್ರ ತರಬಾರದು. ಆಚೆ ಕಡೆ ಮಾಡ್ತೀನಿ."

ನನಗೆ ಕಾಣಿಸಿತು. ಅವಳು ಡಬ್ಬಿ ತಿರುಗಿಸುತ್ತಿರುವುದು, ಬೆರಳು ಒತ್ತಲು ಹೋಗುತ್ತಿರುವುದು, ಎಲ್ಲ ಕಾಣಿಸಿತು. ಡಯೋಡ್ ಇಲ್ಲ ಎನ್ನುವುದೂ ಗೊತ್ತಿತ್ತು. ಬಾಯಿ ತೆರೆದೆ. ಸಂದೀಪ್ ಚೇಟ್ಟ ಕೈ ಅಡ್ಡ ಹಿಡಿದ. ಪದ್ಧತಿ ಎಂದರೆ ಪದ್ಧತಿ. ನಾನು ಬಾಯಿ ಮುಚ್ಚಿದೆ.

ಟಕ್. ಪಟ್ ಅಂತ ಒಳಗೊಂದು ಸಣ್ಣ ಸದ್ದು. ನೀಲಿ ಡಬ್ಬಿಯಿಂದ ಸುಟ್ಟ ವಾಸನೆ, ಆಮೇಲೆ ಎಳೆಯಂಥ ಹೊಗೆ. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ನೀರಿನ ಲೋಟ ಉರುಳಿತು.

"ಅಯ್ಯೋ! ಏನಾಯ್ತು? ನಾನು ಏನು ಮಾಡ್ದೆ?"

ಏನೂ ಆಗಿಲ್ಲ ಆಂಟಿ ಎಂದು ಚೇಚಿ ಅಮ್ಮನ ಹತ್ತಿರ ಓಡಿದಳು. ಅಮ್ಮ ಸೆರಗಿನಿಂದಲೇ ಮೇಜು ಒರೆಸುತ್ತಾ "ತಪ್ಪಾಯ್ತು ಮಕ್ಕಳೇ, ನಂಗೆ ಗೊತ್ತಾಗಲಿಲ್ಲ, ತಪ್ಪಾಯ್ತು" ಅಂತ ಅಂದದ್ದನ್ನೇ ಅಂದಳು. ಆ ಒಳ್ಳೆಯ ಸೀರೆಯ ಸೆರಗಿನಿಂದ.

ಸಂದೀಪ್ ಚೇಟ್ಟ ಸುಟ್ಟ ಡಬ್ಬಿ ತೆರೆದು ನೋಡಿ ನಿಟ್ಟುಸಿರು ಬಿಟ್ಟ. "ಪರವಾಗಿಲ್ಲ. ಯೂಸರ್ ಎರರ್ ಅಂತ ಬರ್ಕೋ ಮೇರಿ. ವಯಸ್ಸಾದವರು ಅಲ್ವಾ, ಆಗತ್ತೆ. ಸೋಮವಾರಕ್ಕೆ ಒಂದು ಸ್ಟಿಕ್ಕರ್ ಹಚ್ಚೋಣ, 'ಕೆಂಪಿಗೆ ಕೆಂಪು' ಅಂತ."

ಎರರ್ ಎಂಬ ಮಾತು ಅಮ್ಮನಿಗೆ ತಿಳಿಯಿತು. ಅವಳು ಒರೆಸುವುದನ್ನು ನಿಲ್ಲಿಸಿದಳು.

ಆಗ ನಾನು ಕೂಗಾಡಿದೆ. ಹೌದು, ಕೂಗಾಡಿದೆ. ಸೀನಿಯರ್ ಮೇಲೆ, ಮನೆಗೆ ಬಂದವನ ಮೇಲೆ. ಇಂಗ್ಲಿಷು ಕನ್ನಡ ಕಲಸಿಕೊಂಡು ಏನೇನೋ. "ಅಮ್ಮನದು ಎರರ್ ಅಲ್ಲ. ಮೊದಲನೇ ದಿನ ನಾನೂ ಹೀಗೇ ಇಟ್ಟಿದ್ದೆ, ಇದೇ ಕಾರಣಕ್ಕೆ!"

"ಮೊದಲನೇ ದಿನ ತಾನೇ? ಆಮೇಲೆ ಒಂದು ಸಲವೂ ಇಟ್ಟಿಲ್ಲವಲ್ಲ?"

"ನೀವು ಹೇಳಿಕೊಟ್ಟಿರಲ್ಲ! ಆಮೇಲೆ ನನಗೆ ಗೊತ್ತಿತ್ತು. ಪ್ಲಸ್ ಯಾವುದು, ಡಯೋಡ್ ಯಾವುದು, ಎಲ್ಲಾ ಗೊತ್ತಾಗ್ತಾ ಹೋಯ್ತು. ಪ್ರತಿ ಶನಿವಾರ ಅದೇ ಕುರ್ಚಿಯಲ್ಲಿ ಕೂರಿಸಿ ಝೀರೋ ಅಂದ್ರಿ, ನಾನೂ ಹೂಂ ಅಂದ್ಕೊಂಡೆ. ಸುಲಭ ಆಗ್ತಾ ಇದ್ದದ್ದು ಕಿಟ್ ಅಲ್ಲ ಚೇಟ್ಟಾ. ಇದನ್ನ ಸೋಮವಾರ ತೋರಿಸಬೇಡಿ. ಕಲಿಯೋಕೆ ಬಂದವರ ಕೈಯಲ್ಲಿ ಸುಟ್ಟುಹೋದ್ರೆ ಅವರು ಇನ್ನು ಮುಟ್ಟಲ್ಲ."

ಸಂದೀಪ್ ಚೇಟ್ಟ ಡಬ್ಬಿಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿ "ರೂಮು ಹೋಗತ್ತೆ, ಗೊತ್ತಲ್ಲ?" ಅಂದ. ನಾನು ಗೊತ್ತು ಅಂದೆ. ಒಂದು ಹಸಿರು, ಸುಟ್ಟ ನೀಲಿ, ಎರಡು ಹಳದಿ ಮಾತ್ರ ಮೇಜಿನ ಮೇಲೆಯೇ ಉಳಿದವು, ಮರೆತನೋ ಬಿಟ್ಟನೋ. ಹೋಗುವಾಗ ಅಮ್ಮನಿಗೆ ಮಾತ್ರ "ಪೋಟ್ಟೆ ಆಂಟಿ" ಅಂದ, ಹೋಗಿಬರುತ್ತೇನೆ ಅಂತ.

ಯೋಚಿಸಿದಷ್ಟೂ ಹೆದರಿಕೆ ಆಗುತ್ತಿದೆ. ಗೊತ್ತಿದೆ ಎಂದು ನಾನೇ ಬಾಯಿಬಿಟ್ಟು ಹೇಳಿದ ಮೇಲೆ ಗೊತ್ತಿಲ್ಲದವಳ ಕುರ್ಚಿ ನನಗೆ ಯಾಕೆ ಕೊಡುತ್ತಾರೆ? ಗೊತ್ತಿದ್ದವಳು ಅನ್ನಿಸಿಕೊಳ್ಳಲು ಮಾರ್ಕ್ಸೂ ಇಲ್ಲ.

ನವೆಂಬರ್ 16, ಭಾನುವಾರ

ಅಮ್ಮ ಇವತ್ತು ಮಕ್ಕಳಿಗೆ ಕಥೆ ಹೇಳಲು ಹೋಗಲಿಲ್ಲ. ತಲೆನೋವು ಅಂದಳು.

ಸುಮ್ಮನೆ ಕೂರಲಾಗದೆ ಅವಳ ಹೊಲಿಗೆ ಡಬ್ಬದಿಂದ ಟಿಚ್ ಬಟನ್ ಕೇಳಿದೆ. ದೊಡ್ಡದು ಕೆಲವು, ಸಣ್ಣದು ಕೆಲವು. ಯಾಕೆ ಅಂತ ಕೇಳದೆ ಕೊಟ್ಟಳು. ಹಸಿರು ಡಬ್ಬಿಗೂ ನೀಲಿ ಡಬ್ಬಿಗೂ ಪ್ಲಸ್ ಕಡೆ ದೊಡ್ಡ ಬಟನ್, ಮೈನಸ್ ಕಡೆ ಸಣ್ಣದು ಹಾಕಿದರೆ ಉಲ್ಟಾ ಕೂರುವುದೇ ಇಲ್ಲ. ಚುಕ್ಕೆಯ ಬಣ್ಣ ಏನೇ ಇರಲಿ. ಅಪ್ಪನ ಸಾಲ್ಡರಿಂಗ್ ಐರನ್ ತೆಗೆದುಕೊಂಡು, ಚೇಚಿ ಮಾಡುವುದನ್ನು ನೋಡಿದ್ದ ಹಾಗೆ, ಹಳೆಯ ಬಟನ್ ಕಿತ್ತು ಹೊಸತನ್ನು ಹಾಕಿದೆ. ನೀಲಿಯೊಳಗೆ ಸುಟ್ಟ ಚಿಪ್ ತೆಗೆದು, ಅಪ್ಪನ ಡ್ರಾಯರಿನಲ್ಲಿ ಅಂಥದ್ದೇ ಒಂದು ಸಿಕ್ಕಿತು, ಅದನ್ನು ಕೂರಿಸಿ, ಡಯೋಡನ್ನೂ ಮತ್ತೆ ಹಾಕಿದೆ. ಕಡಿಮೆ ವೋಲ್ಟ್ ನುಂಗುವ ಬೇರೆ ಜಾತಿಯ ಡಯೋಡ್ ಇತ್ತು, ಅದು. ಅಪ್ಪ ಏನೋ ಹೇಳಲೆಂದು ಪಕ್ಕಕ್ಕೆ ಬಂದು ಬಗ್ಗಿ ನೋಡಿ, ಹೇಳದೆ ಹೊರಟುಹೋದರು. ನಾನು ಏನು ತಪ್ಪು ಮಾಡುತ್ತಿದ್ದೆನೋ.

ಅಮ್ಮನ ಮುಂದೆ ಇಟ್ಟೆ. "ಈಗ ತಪ್ಪು ಮಾಡೋಕೇ ಆಗಲ್ಲಮ್ಮ. ಒಂದ್ಸಲ ನೋಡು."

"ಬೇಡ ಪುಟ್ಟಿ."

"ನನಗೋಸ್ಕರ?"

"ನಿನಗೋಸ್ಕರ ತಾನೇ ಮೊನ್ನೆ ಕೂತಿದ್ದು." ಮೊನ್ನೆ ಅಲ್ಲ, ನಿನ್ನೆ. ಅವಳಿಗೆ ಅಷ್ಟು ಹಿಂದೆ ಹೋಗಿಬಿಟ್ಟಿತ್ತು. "ಅಷ್ಟು ಜನ ನೋಡ್ತಾ ಇರ್ತೀರ, ಯಾರೂ ಮಾತಾಡಲ್ಲ. ಪರೀಕ್ಷೆ ಥರ. ನಂಗೆ ಆಗಲ್ಲ."

ಹೊಲಿಗೆ ಮಷೀನಿನ ಮೇಲೆ ಡಬ್ಬಿಗಳನ್ನು ಇಟ್ಟೆ. ಸಂಜೆ ನೋಡಿದರೆ ಅವುಗಳ ಮೇಲೆ ಮಷೀನಿನ ಕವರ್ ಮುಚ್ಚಿತ್ತು.

ನವೆಂಬರ್ 17, ಸೋಮವಾರ

ಕರೆಯುತ್ತಾರೋ ಇಲ್ಲವೋ ತಿಳಿಯದೆ ಕರಕುಶಲ ಕೇಂದ್ರದ ಗೇಟಿಗೆ ನಾನೇ ಹೋಗಿ ನಿಂತೆ. ಮೇರಿ ಚೇಚಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಲ್ಲಿನ ಮೇಡಂ ಎದುರು ಸಂದೀಪ್ ಚೇಟ್ಟ ಬ್ಯಾಗಿನ ಜಿಪ್ಪನ್ನೇ ತೆರೆಯಲಿಲ್ಲ. ಟೆಸ್ಟಿನಲ್ಲಿ ಒಂದು ದೋಷ ಸಿಕ್ಕಿದೆ, ಸರಿ ಮಾಡದೆ ಕೊಡಲಾರೆವು ಅಂದ. ಮೇಡಂ ಮುಖ ಹುಳ್ಳಗೆ ಮಾಡಿ, ಜನವರಿಯಲ್ಲಿ ಬನ್ನಿ ನೋಡೋಣ ಅಂದರು. ನೋಡೋಣ ಎನ್ನುವುದರ ಅರ್ಥ ಎಲ್ಲ ಭಾಷೆಯಲ್ಲೂ ಒಂದೇ.

ವಾಪಸ್ ಬಸ್ಸಿನಲ್ಲಿ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಆಲಪ್ಪುಳ ದಾಟುವಾಗ ಒಮ್ಮೆ ತೆಗೆದು "ಸಣ್ಣದೊಂದು ದೊಡ್ಡದೊಂದು ಬಟನ್, ಅದು ನಿನ್ನ ಐಡಿಯಾನಾ?" ಅಂದ. ಚೇಚಿಗೆ ಬೆಳಿಗ್ಗೆ ಹೇಳಿದ್ದೆ. ಹೌದು ಅಂದೆ. ಮತ್ತೆ ಹಾಕಿಕೊಂಡ. ಅಷ್ಟು ಕೋಪ.

ನವೆಂಬರ್ 19, ಬುಧವಾರ. ಕಳಮಶ್ಶೇರಿ

ಕ್ಲಬ್ ಗ್ರೂಪಿನಲ್ಲಿ ಹೊಸ ನೋಟೀಸಿನ ಫೋಟೋ. "ಎಲೆಕ್ಟ್ರಾನಿಕ್ಸ್ ಬಗ್ಗೆ ಏನೂ ಗೊತ್ತಿಲ್ಲದವರು ಬೇಕಾಗಿದ್ದಾರೆ."

ಊಟ ಸೇರಲಿಲ್ಲ.

ನವೆಂಬರ್ 22, ಶನಿವಾರ

ಹೋಗಬಾರದು ಅಂದುಕೊಂಡೇ ಹೋದೆ. ನನ್ನ ಕುರ್ಚಿಯಲ್ಲಿ ಬೇರೆಯವನು ಕೂತಿದ್ದ. ಆಶಿಶ್ ಅಂತೆ, ಹಿಸ್ಟರಿ, ಫಸ್ಟ್ ಇಯರ್. ಟೇಪಿನ ಮೇಲೆ ಕೈ ಆಡಿಸುತ್ತಾ "ಝೀರೋ ಅಂದ್ರೆ ನಾನಾ?" ಎಂದು ಕೇಳುತ್ತಿದ್ದ, ಅಳುವ ಹಾಗೆ. ನಾನು ಬಾಗಿಲಿನಿಂದಲೇ ತಿರುಗಿದೆ.

"ಎಡೀ, ಎಲ್ಲಿಗೆ?" ಮೇರಿ ಚೇಚಿ ಪೆನ್ನು ಎಸೆದಳು, ಹಿಡಿದೆ. "ಅವನ ಎದುರು ಕೂತ್ಕೋ. ಅವನು ಎಲ್ಲಿ ನಿಲ್ತಾನೆ ಅಂತ ಬರ್ಕೋ. ನಮಗೆ ಕಾಣಿಸಲ್ಲ, ನಿನಗೆ ಕಾಣಿಸತ್ತೆ."

ಕೊನೆಗೆ ಬರೆದುಕೊಳ್ಳುವ ಕೆಲಸವಾದರೂ ಸಿಕ್ಕಿತು. ಶುರು ಮಾಡುವ ಮುಂಚೆ ಒಂದು ಮಾತು ಕೇಳಿದೆ: ಕುರ್ಚಿಯಲ್ಲಿ ಕೂತವರು ನಿಲ್ಲಿಸಬೇಕು ಅಂದರೆ ನಿಲ್ಲಿಸಲಿ, ಎಲ್ಲರೂ ಹೀಗೆ ಕಣ್ಣು ಬಿಟ್ಟುಕೊಂಡು ಕೂರುವುದು ಬೇಡ, ಒಬ್ಬರು ಸಾಕು. ಸಂದೀಪ್ ಚೇಟ್ಟ ಎದ್ದು ಹೊರಗೆ ಹೋದ. ಕೋಪವೋ ಒಪ್ಪಿಗೆಯೋ ತಿಳಿಯಲಿಲ್ಲ. ಆಮೇಲೆ ಕಿಟಕಿಯಿಂದ ತಲೆ ಹಾಕಿ ಅಂದ, "ಎಲ್ಲಾ ನೀಲಿ ಡಬ್ಬಿಗೂ ನಿನ್ನ ಡಯೋಡ್ ಹಾಕಬೇಕು. ಬುಧವಾರ ಬಾ. ಬರಲ್ಲ ಅಂತ ನಾಟಕ ಬೇಡ." ಮಾಡಿದ ತಪ್ಪಿಗೆ ದಂಡ. ಇರಲಿ.

ರೂಮು ಡಿಸೆಂಬರಿನ ತನಕ ಇದೆ. ಆಮೇಲೆ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಬೇಸಿಕ್ ಎಲೆಕ್ಟ್ರಾನಿಕ್ಸ್ ರೀಟೆಸ್ಟ್ ಮುಂದಿನ ವಾರ. ಡೆರಿವೇಷನ್ ಬಂದರೆ ಈಗಲೂ ಪುಟ ಮಗುಚಿಬಿಡುತ್ತೇನೆ.

ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ಅಮ್ಮನ ಫೋನು. ಶನಿವಾರ ಅವಳು ಫೋನ್ ಮಾಡುವುದಿಲ್ಲ, ಭಾನುವಾರ ನಾನು ಮಾಡುವುದು.

"ಶ್ರೀ, ಆ ಕೂಗೋ ಡಬ್ಬಿ ಇತ್ತಲ್ಲ, ಕಿತ್ತಳೆ ಬಣ್ಣದ್ದು. ಅದೊಂದು ಬೇಕು. ಹಳದೀದು ಇನ್ನೆರಡು. ಬರೋವಾಗ ತಗೊಂಡು ಬಾ."

"ಯಾಕಮ್ಮಾ? ಹುಲಿ ಕೂಗಬೇಕಾ?"

"ಹುಲಿ ಆಯ್ತು. ಇದು ಬೇರೆ."

"ಬೇರೆ ಏನು?"

"ಅದೆಲ್ಲಾ ಹೇಳಲ್ಲ. ಈ ಸಲ ನಾನು ಬಾಯಿಬಿಟ್ಟು ಹೇಳ್ಕೊಂಡು ಮಾಡಲ್ಲ." ಹಿಂದೆ ಅಪ್ಪ ಏನೋ ಗೊಣಗಿದರು, ಅಮ್ಮ ಅವರಿಗೆ "ನೀವು ಸುಮ್ನಿರಿ, ಮೊದಲು ಆ ದೀಪ ಆರಿಸಿ, ಕಾಣಿಸಲ್ಲ" ಅಂದಳು. ಆಮೇಲೆ ನನಗೆ, "ಊಟ ಆಯ್ತಾ?" ಅಂದು ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು.

ಎರಡು ಹಳದಿ, ಒಂದು ಕಿತ್ತಳೆ. ಬುಧವಾರ ಚೇಟ್ಟನನ್ನು ಕೇಳಬೇಕು, ಬೈದರೂ ಸರಿ.

ಮೆಟ್ಟಿಲ ಮೇಲೆ ನಿಂತ ಮೇಲೆ ತಲೆಗೆ ಬಂತು: ಹುಲಿ ಆಯ್ತು ಅಂದಳಲ್ಲ. ಯಾವಾಗ? ಮನೆಯಲ್ಲಿ ಯಾರೂ ನೋಡದಿದ್ದಾಗ, ಮಷೀನಿನ ಕವರ್ ತೆಗೆದು, ಒಬ್ಬಳೇ.